ಭಿನ್ನ ಲೋಹಗಳ ಲೇಸರ್ ಬೆಸುಗೆ: ಶಾಖದ ಲೆಕ್ಕಾಚಾರದಲ್ಲಿ ಗಣಕಯಂತ್ರದ ಪಾತ್ರ

ಬ್ಯಾಟರಿ, ಸ್ವಿಚ್‌ಗೇರ್, ಶೀತಲೀಕರಣ ಯಂತ್ರ, ಸಂವೇದಕ, ವೈದ್ಯಕೀಯ ಉಪಕರಣ ಮುಂತಾದ ಉತ್ಪನ್ನಗಳ ತಯಾರಿಕೆಯಲ್ಲಿ ಒಂದೇ ಲೋಹವನ್ನು ಬಳಸಿ ಎಲ್ಲ ಅಗತ್ಯಗಳನ್ನು ಪೂರೈಸುವುದು ಸಾಧ್ಯವಿಲ್ಲ. ವಿದ್ಯುತ್ ಹರಿಯಲು ತಾಮ್ರ ಬೇಕು. ತೂಕ ತಗ್ಗಿಸಲು ಅಲ್ಯೂಮಿನಿಯಂ ಬೇಕು. ತುಕ್ಕನ್ನು ತಡೆಯಲು ನಿಕ್ಕಲ್ ಅಥವಾ ತುಕ್ಕುರಹಿತ ಉಕ್ಕು ಬೇಕು. ಈ ಲೋಹಗಳು ಒಂದನ್ನೊಂದು ಸಂಧಿಸುವ ಸ್ಥಳದಲ್ಲಿ ಭದ್ರವಾದ ಬೆಸುಗೆಯೂ ಬೇಕು. ಹೀಗಾಗಿ ಭಿನ್ನ ಲೋಹಗಳ ಬೆಸುಗೆಯು ದೊಡ್ಡ ಕಾರ್ಖಾನೆಗಳಿಗೆ ಸೀಮಿತವಾಗಿ ಉಳಿಯದೆ, ಬಿಡಿಭಾಗಗಳನ್ನು ಪೂರೈಸುವ ಸಣ್ಣ ಉದ್ಯಮಗಳ ಬಾಗಿಲಿಗೂ ಬಂದು ನಿಂತಿದೆ.

ಇಂತಹ ಕೆಲಸದಲ್ಲಿ ಎದುರಾಗುವ ದೊಡ್ಡ ಅಪಾಯವೆಂದರೆ, ಹೊರನೋಟಕ್ಕೆ ನುಣುಪಾಗಿ, ದೋಷರಹಿತವಾಗಿ ಕಾಣುವ ಬೆಸುಗೆಯು ಒಳಗೆ ದುರ್ಬಲವಾಗಿರಬಹುದು. ಅದು ತಪಾಸಣೆಯ ಮೇಜನ್ನು ದಾಟಿ, ಗ್ರಾಹಕರ ಕೈ ಸೇರಿ, ಕೆಲವು ತಿಂಗಳ ಬಳಕೆಯ ನಂತರ ಬಿರುಕು ಬಿಟ್ಟರೆ ಹಿಂದಿರುಗಿ ಬರುವುದು ಒಂದು ಬಿಡಿಭಾಗ ಮಾತ್ರವಲ್ಲ, ಇಡೀ ಸರಕು. ಆದ್ದರಿಂದ ಬೆಸುಗೆಯ ಕ್ಷಣದಲ್ಲಿ ಲೋಹದೊಳಗೆ ಶಾಖವು ಹೇಗೆ ಹರಿಯುತ್ತದೆ ಎಂಬುದನ್ನು ಅರಿಯುವುದು ಉದ್ಯಮಿಗೆ ಲಾಭ-ನಷ್ಟದ ಪ್ರಶ್ನೆಯೇ ಆಗಿದೆ. ಆ ಅರಿವಿಗೆ ಗಣಕಯಂತ್ರದ ಅನುಕರಣೆ, ಅಂದರೆ ಸಿಮ್ಯುಲೇಷನ್, ಹೇಗೆ ನೆರವಾಗುತ್ತದೆ ಮತ್ತು ಎಲ್ಲಿ ನೆರವಾಗುವುದಿಲ್ಲ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಯಾವ ಲೋಹ ಮೊದಲು ಕರಗುತ್ತದೆ?

ಒಂದು ಸರಳ ಪ್ರಶ್ನೆಯಿಂದ ಆರಂಭಿಸಬಹುದು. ತಾಮ್ರದ ಒಂದು ಪಟ್ಟಿಯನ್ನೂ ನಿಕ್ಕಲಿನ ಒಂದು ಪಟ್ಟಿಯನ್ನೂ ಅಂಚಿಗೆ ಅಂಚು ತಾಗಿಸಿ ಇಟ್ಟು, ಲೇಸರ್ ಕಿರಣವನ್ನು ಸರಿಯಾಗಿ ನಡುಗೆರೆಯ ಮೇಲೆ ಬೀಳಿಸಲಾಗಿದೆ ಎಂದುಕೊಳ್ಳೋಣ. ತಾಮ್ರ ಕರಗುವುದು 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ; ನಿಕ್ಕಲ್ ಕರಗುವುದು 1455 ಡಿಗ್ರಿಯಲ್ಲಿ. ಒಂದು ಘನ ಮಿಲಿಮೀಟರ್ ಲೋಹವನ್ನು ಕರಗಿಸಲು ಬೇಕಾಗುವ ಶಾಖವನ್ನು ಲೆಕ್ಕ ಹಾಕಿದರೂ, ಕೋಣೆಯ ಉಷ್ಣಾಂಶದ ವಿಶಿಷ್ಟೋಷ್ಣವನ್ನೇ ಆಧಾರವಾಗಿ ಹಿಡಿದರೆ, ತಾಮ್ರಕ್ಕೆ ಸುಮಾರು 5.5 ಜೌಲ್, ನಿಕ್ಕಲಿಗೆ ಸುಮಾರು 8.3 ಜೌಲ್ ಬೇಕು. ಎರಡು ಲೆಕ್ಕಗಳೂ ತಾಮ್ರವೇ ಮೊದಲು ಕರಗಬೇಕೆಂದು ಹೇಳುತ್ತವೆ. ವಾಸ್ತವದಲ್ಲಿ ಮೊದಲು ಕರಗುವುದು ನಿಕ್ಕಲ್.

ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಬೆಳಕಿನ ಹೀರಿಕೆ. ಲೇಸರ್ ಬೆಸುಗೆಯಲ್ಲಿ ಹೆಚ್ಚು ಬಳಕೆಯಲ್ಲಿರುವ ಸುಮಾರು 1 ಮೈಕ್ರಾನ್ ತರಂಗಾಂತರದ ಅವಕೆಂಪು ಕಿರಣವನ್ನು ಶುದ್ಧವಾದ ತಣ್ಣನೆಯ ತಾಮ್ರವು ಬಹುಪಾಲು ಕನ್ನಡಿಯಂತೆ ಹಿಂದಕ್ಕೆ ಎಸೆಯುತ್ತದೆ. ಅದು ಹೀರಿಕೊಳ್ಳುವುದು ಶೇಕಡ 5ಕ್ಕಿಂತ ಕಡಿಮೆ. 1000 ವಾಟ್ ಶಕ್ತಿಯ ಕಿರಣ ಬಿದ್ದರೂ ಆರಂಭದಲ್ಲಿ ಲೋಹಕ್ಕೆ ದಕ್ಕುವುದು 50 ವಾಟ್‌ಗೂ ಕಡಿಮೆ. ನಿಕ್ಕಲ್ ಇದಕ್ಕಿಂತ ಹಲವು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ.

ಎರಡನೆಯದು ಶಾಖದ ಹರಿವು. ತಾಮ್ರದ ಉಷ್ಣವಾಹಕತೆ ಪ್ರತಿ ಮೀಟರಿಗೆ ಪ್ರತಿ ಡಿಗ್ರಿಗೆ ಸುಮಾರು 400 ವಾಟ್. ನಿಕ್ಕಲಿನದು ಸುಮಾರು 91. ತುಕ್ಕುರಹಿತ ಉಕ್ಕಿನದು ಸುಮಾರು 16 ಮಾತ್ರ. ವಾಹಕತೆಯನ್ನು ಸಾಂದ್ರತೆ ಮತ್ತು ವಿಶಿಷ್ಟೋಷ್ಣಗಳ ಗುಣಲಬ್ಧದಿಂದ ಭಾಗಿಸಿದರೆ ದೊರೆಯುವ ಸಂಖ್ಯೆಯನ್ನು ಉಷ್ಣ ವಿಸರಣಾಂಕ ಎನ್ನುತ್ತಾರೆ. ಶಾಖವು ಎಷ್ಟು ಬೇಗ ಹರಡುತ್ತದೆ ಎಂಬುದನ್ನು ಇದು ತಿಳಿಸುತ್ತದೆ. ತಾಮ್ರದ ವಿಸರಣಾಂಕ ನಿಕ್ಕಲಿನ ಸುಮಾರು 5 ಪಟ್ಟು. ಒಂದು ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಶಾಖವು ತಾಮ್ರದಲ್ಲಿ ಸುಮಾರು 2 ಮಿಲಿಮೀಟರ್, ನಿಕ್ಕಲಿನಲ್ಲಿ ಸುಮಾರು 1 ಮಿಲಿಮೀಟರ್, ತುಕ್ಕುರಹಿತ ಉಕ್ಕಿನಲ್ಲಿ ಸುಮಾರು 0.4 ಮಿಲಿಮೀಟರ್ ದೂರ ಹಬ್ಬುತ್ತದೆ. ಅಂದರೆ ತಾಮ್ರವು ಕಡಿಮೆ ಶಾಖವನ್ನು ಪಡೆಯುತ್ತದೆ; ಪಡೆದದ್ದನ್ನೂ ಬೇಗ ಹಂಚಿಬಿಡುತ್ತದೆ. ನಿಕ್ಕಲ್ ಹೆಚ್ಚು ಪಡೆದು, ಪಡೆದದ್ದನ್ನು ತನ್ನಲ್ಲೇ ಉಳಿಸಿಕೊಳ್ಳುತ್ತದೆ. ಕರಗುವ ಬಿಂದುವಿನ ಕೋಷ್ಟಕವನ್ನು ಮಾತ್ರ ನೋಡಿ ಯಂತ್ರವನ್ನು ಹೊಂದಿಸುವವರು ತಪ್ಪು ದಾರಿ ಹಿಡಿಯುವುದು ಇಲ್ಲಿಯೇ.

ಬೆಂಗಳೂರಿನಲ್ಲಿ ನಡೆದ ಅಧ್ಯಯನ

ತಾಮ್ರ-ನಿಕ್ಕಲ್ ಜೋಡಿಯ ಈ ವರ್ತನೆಯನ್ನು ಗಣಕಯಂತ್ರದಲ್ಲಿ ಲೆಕ್ಕ ಹಾಕಿ ತೋರಿಸಿದ ಪ್ರಮುಖ ಅಧ್ಯಯನಗಳಲ್ಲಿ ಒಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೇ ನಡೆಯಿತು. ಜಿ. ಫಣಿಕುಮಾರ್, ಪಿ. ದತ್ತ ಮತ್ತು ಕೆ. ಚಟ್ಟೋಪಾಧ್ಯಾಯ ಅವರು 2004ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಕರಗಿದ ಲೋಹದ ಕೊಳದ ಶಾಖ, ಹರಿವು ಮತ್ತು ಮಿಶ್ರಣ ಈ ಮೂರನ್ನೂ ಒಟ್ಟಿಗೆ ಲೆಕ್ಕಿಸುವ ಮೂರು ಆಯಾಮಗಳ ಮಾದರಿಯನ್ನು ವಿವರಿಸಲಾಗಿದೆ. ಕಿರಣವನ್ನು ಎರಡೂ ಲೋಹಗಳ ಮೇಲೆ ಸಮನಾಗಿ ಬೀಳಿಸಿದರೂ ಕೊಳವು ಒಂದು ಕಡೆಗೆ ವಾಲಿ ಬೆಳೆಯುತ್ತದೆ ಎಂಬುದು, ಮತ್ತು ಮೊದಲು ಕರಗುವ ನಿಕ್ಕಲ್ ಪಾರ್ಶ್ವದಲ್ಲಿ ದ್ರವದ ಸುಳಿ ಹೆಚ್ಚಾಗಿ ಮಿಶ್ರಣವೂ ಉತ್ತಮವಾಗಿರುತ್ತದೆ ಎಂಬುದು ಅದರಿಂದ ಕಂಡುಬಂದಿತು. ಲೆಕ್ಕದ ಫಲಿತಾಂಶಗಳನ್ನು ಪ್ರಯೋಗಗಳೊಡನೆ ಹೋಲಿಸಿದಾಗ ಅವು ಗುಣಾತ್ಮಕವಾಗಿ ಹೊಂದಿಕೆಯಾದವು.

ಈ ಜೋಡಿಯ ಆಯ್ಕೆಯೂ ಅರ್ಥಪೂರ್ಣವಾಗಿದೆ. ತಾಮ್ರ ಮತ್ತು ನಿಕ್ಕಲ್ ಯಾವ ಪ್ರಮಾಣದಲ್ಲಿ ಬೇಕಾದರೂ ಒಂದರಲ್ಲೊಂದು ಬೆರೆಯುತ್ತವೆ. ನಡುವೆ ಪೆಡಸಾದ ಸಂಯುಕ್ತಗಳು ಹುಟ್ಟುವುದಿಲ್ಲ. ಆದುದರಿಂದ ಶಾಖ ಮತ್ತು ಹರಿವಿನ ಪಾತ್ರವನ್ನು ಬೇರೆ ತೊಡಕುಗಳಿಲ್ಲದೆ ನೋಡಲು ಸಾಧ್ಯವಾಗುತ್ತದೆ. ಪಾಠ ಕಲಿಯುವವರಿಗೆ ಇದು ಮೊದಲ ಮೆಟ್ಟಿಲು.

ಗಣಕಯಂತ್ರ ಮಾಡುವ ಕೆಲಸ

ಶಾಖದ ಹರಿವಿನ ಮೂಲ ಸಮೀಕರಣ ಹೊಸದಲ್ಲ. ಫ್ರಾನ್ಸಿನ ಗಣಿತಜ್ಞ ಜೋಸೆಫ್ ಫೂರಿಯೇ ಅದನ್ನು 1822ರ ತನ್ನ ಗ್ರಂಥದಲ್ಲಿ ವಿವರಿಸಿದ್ದನು. ಚಲಿಸುವ ಬೆಸುಗೆಯ ಜ್ವಾಲೆಗೆ ಅದನ್ನು ಅನ್ವಯಿಸುವ ವಿಧಾನವನ್ನು ಡೇನಿಯಲ್ ರೋಸೆಂಥಾಲ್ 1941ರಲ್ಲಿ ಪ್ರಕಟಿಸಿದನು. ಆದರೆ ಕಾಗದದ ಮೇಲೆ ಬಿಡಿಸಬಹುದಾದ ಆ ಸೂತ್ರದಲ್ಲಿ ಲೋಹದ ಗುಣಗಳು ಬದಲಾಗುವುದಿಲ್ಲ, ಕರಗುವಿಕೆಯ ಗುಪ್ತೋಷ್ಣಕ್ಕೆ ಸ್ಥಾನವಿಲ್ಲ, ಶಾಖವು ಒಂದು ಬಿಂದುವಿನಲ್ಲೋ ಒಂದು ಗೆರೆಯಲ್ಲೋ ಸುರಿಯುತ್ತದೆ ಎಂಬ ಊಹೆಗಳಿದ್ದವು. ಎರಡು ಲೋಹಗಳ ಜೋಡಿಗೆ ಅದು ಸಾಲದು. 1984ರಲ್ಲಿ ಕೆನಡಾದ ಜಾನ್ ಗೋಲ್ಡಾಕ್ ಮತ್ತು ಸಹೋದ್ಯೋಗಿಗಳು, ಶಾಖವು ಮೊಟ್ಟೆಯಾಕಾರದ ಗಾತ್ರದೊಳಗೆ ಹಂಚಿಹೋಗುತ್ತದೆ ಎಂಬ ಮಾದರಿಯನ್ನು ಮುಂದಿಟ್ಟರು. ಇಂದಿಗೂ ಬೆಸುಗೆಯ ಅನುಕರಣೆಗಳಲ್ಲಿ ಅದು ವ್ಯಾಪಕವಾಗಿ ಬಳಕೆಯಲ್ಲಿದೆ. ಆಳವಾಗಿ ಇಳಿಯುವ ಲೇಸರ್ ಬೆಸುಗೆಗೆ ಶಂಕುವಿನಾಕಾರದ ಶಾಖಮೂಲವನ್ನೂ ಬಳಸುತ್ತಾರೆ.

ಗಣಕಯಂತ್ರವು ಲೋಹದ ತುಂಡನ್ನು ಸಣ್ಣ ಸಣ್ಣ ಕೋಶಗಳಾಗಿ ವಿಂಗಡಿಸುತ್ತದೆ. ಪ್ರತಿ ಕೋಶಕ್ಕೂ ಅದು ಇಡುವ ಲೆಕ್ಕ ಅಂಗಡಿಯ ಜಮಾ-ಖರ್ಚಿನ ಪುಸ್ತಕದಂತೆಯೇ ಇರುತ್ತದೆ: ನೆರೆಯ ಕೋಶಗಳಿಂದ ಬಂದ ಶಾಖ, ಲೇಸರಿನಿಂದ ಬಂದ ಶಾಖ ಜಮೆಗೆ, ನೆರೆಯ ಕೋಶಗಳಿಗೆ ಹೋದದ್ದು, ಗಾಳಿಗೆ ಹೋದದ್ದು ಖರ್ಚಿಗೆ, ಉಳಿದ ಶಿಲ್ಕಿನಿಂದ ಆ ಕೋಶದ ಉಷ್ಣಾಂಶ ಏರುತ್ತದೆ. ಕರಗುವ ಬಿಂದು ತಲಪಿದಾಗ ಗುಪ್ತೋಷ್ಣ ತೀರುವವರೆಗೆ ಉಷ್ಣಾಂಶ ಏರದೆ ನಿಲ್ಲುತ್ತದೆ. ಅತಿ ಸಣ್ಣ ಕಾಲಾವಧಿಗೆ ಒಮ್ಮೆ ಈ ಪುಸ್ತಕವನ್ನು ಹೊಸದಾಗಿ ಬರೆಯಲಾಗುತ್ತದೆ.

ಈ ಕೆಲಸದ ಗಾತ್ರವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. 20 ಮಿಲಿಮೀಟರ್ ಉದ್ದ, 10 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪದ ತುಂಡನ್ನು 0.1 ಮಿಲಿಮೀಟರಿನ ಘನಗಳಾಗಿ ಕತ್ತರಿಸಿದರೆ 4 ಲಕ್ಷ ಕೋಶಗಳಾಗುತ್ತವೆ. ಅತ್ಯಂತ ಸರಳವಾದ ಲೆಕ್ಕವಿಧಾನದಲ್ಲಿ, ತಾಮ್ರದ ಕೋಶಗಳಿಗೆ ಒಂದು ಹೆಜ್ಜೆಯ ಕಾಲಾವಧಿ ಸೆಕೆಂಡಿನ ಹತ್ತು ಲಕ್ಷದ ಸುಮಾರು 14 ಭಾಗಗಳನ್ನು ಮೀರಬಾರದು. ಮೀರಿದರೆ ಲೆಕ್ಕವೇ ಹದಗೆಡುತ್ತದೆ. ಒಂದು ಸೆಕೆಂಡಿನ ಬೆಸುಗೆಗೆ ಸುಮಾರು 70 ಸಾವಿರ ಹೆಜ್ಜೆಗಳು. ಒಟ್ಟು 2,800 ಕೋಟಿ ಕೋಶ-ಲೆಕ್ಕಗಳು. ಇದಕ್ಕೆ ದ್ರವದ ಹರಿವನ್ನೂ ಸೇರಿಸಿದರೆ ಹೊರೆ ಇನ್ನೂ ಹೆಚ್ಚುತ್ತದೆ. ಆದುದರಿಂದ ಅನುಭವಿ ತಂತ್ರಜ್ಞರು ಬೆಸುಗೆಯ ಸಮೀಪದಲ್ಲಿ ಮಾತ್ರ ಸಣ್ಣ ಕೋಶಗಳನ್ನೂ, ದೂರದಲ್ಲಿ ದೊಡ್ಡ ಕೋಶಗಳನ್ನೂ ಬಳಸುತ್ತಾರೆ. ದೊಡ್ಡ ಕಾಲಾವಧಿಯನ್ನು ತಾಳಬಲ್ಲ ಲೆಕ್ಕವಿಧಾನಗಳನ್ನು ಆರಿಸಿಕೊಳ್ಳುತ್ತಾರೆ.

ಕಿರಣವನ್ನು ಎಲ್ಲಿ ಬೀಳಿಸಬೇಕು?

ಅನುಕರಣೆಯಿಂದ ದೊರೆಯುವ ಮೊದಲ ಉಪಯುಕ್ತ ಉತ್ತರ ಕಿರಣದ ಸ್ಥಾನಕ್ಕೆ ಸಂಬಂಧಿಸಿದ್ದು. ನಡುಗೆರೆಯಿಂದ ಕಿರಣವನ್ನು ಮಿಲಿಮೀಟರಿನ ಕೆಲವು ಹತ್ತನೆಯ ಭಾಗಗಳಷ್ಟು ಸರಿಸಿದರೂ ಕೊಳದ ಆಕಾರ ಮತ್ತು ಮಿಶ್ರಣದ ಪ್ರಮಾಣ ಬದಲಾಗುತ್ತವೆ. ಎರಡೂ ಲೋಹಗಳು ಸಾಕಷ್ಟು ಕರಗಬೇಕೆಂದರೆ ಶಾಖವನ್ನು ಬೇಗ ಹಂಚುವ ಲೋಹದ ಕಡೆಗೆ ಕಿರಣವನ್ನು ಸರಿಸಬೇಕು. ಪೆಡಸು ಸಂಯುಕ್ತದ ಭಯವಿರುವ ಜೋಡಿಗಳಲ್ಲಿ ಇದಕ್ಕೆ ವಿರುದ್ಧವಾಗಿ, ಒಂದು ಲೋಹವನ್ನು ಮಾತ್ರ ಕರಗಿಸಿ ಇನ್ನೊಂದನ್ನು ಅದರಿಂದ ನೆನೆಯುವಂತೆ ಮಾಡುವುದೇ ಗುರಿಯಾಗಬಹುದು. ಯಾವ ಗುರಿ ಎಂಬುದನ್ನು ಮೊದಲು ನಿರ್ಧರಿಸದೆ ಅನುಕರಣೆಗೆ ಕೈಹಾಕುವುದು ವ್ಯರ್ಥ.

ಕಿರಣದ ಅಗಲವೂ ಅಷ್ಟೇ ಮುಖ್ಯ. 1000 ವಾಟ್ ಶಕ್ತಿಯನ್ನು 0.4 ಮಿಲಿಮೀಟರ್ ವ್ಯಾಸದ ಚುಕ್ಕೆಯಲ್ಲಿ ಕೇಂದ್ರೀಕರಿಸಿದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 8 ಲಕ್ಷ ವಾಟ್ ತೀವ್ರತೆ ಉಂಟಾಗುತ್ತದೆ. ಚುಕ್ಕೆಯನ್ನು 0.2 ಮಿಲಿಮೀಟರಿಗೆ ಇಳಿಸಿದರೆ ತೀವ್ರತೆ ನಾಲ್ಕು ಪಟ್ಟಾಗಿ 32 ಲಕ್ಷಕ್ಕೆ ಏರುತ್ತದೆ. ಸುಮಾರು 10 ಲಕ್ಷ ವಾಟ್‌ನ ಆಸುಪಾಸಿನಲ್ಲಿ ಲೋಹವು ಆವಿಯಾಗಿ, ಆವಿಯ ಒತ್ತಡದಿಂದ ಕೊಳದ ನಡುವೆ ಆಳವಾದ ಕಿರಿದಾದ ಕುಳಿ ತೆರೆದುಕೊಳ್ಳುತ್ತದೆ. ಕಿರಣವು ಆ ಕುಳಿಯ ಗೋಡೆಗಳ ನಡುವೆ ಮತ್ತೆ ಮತ್ತೆ ಪ್ರತಿಫಲಿಸುವುದರಿಂದ ಹೀರಿಕೆ ಒಮ್ಮೆಲೇ ಏರುತ್ತದೆ. ಅಂದರೆ ಚುಕ್ಕೆಯ ವ್ಯಾಸದಲ್ಲಿನ ಸಣ್ಣ ವ್ಯತ್ಯಾಸವು ಬೆಸುಗೆಯ ಬಗೆಯನ್ನೇ ಬದಲಿಸಬಲ್ಲದು. ತಾಮ್ರಕ್ಕೆ ಹಸಿರು ಅಥವಾ ನೀಲಿ ಬೆಳಕಿನ ಲೇಸರುಗಳನ್ನು ಬಳಸುವುದರ ಹಿಂದಿನ ಕಾರಣವೂ ಹೀರಿಕೆಯೇ: ಹಸಿರು ಬೆಳಕಿನಲ್ಲಿ ಸುಮಾರು ಶೇಕಡ 40ರಷ್ಟನ್ನೂ, ನೀಲಿ ಬೆಳಕಿನಲ್ಲಿ ಅದಕ್ಕಿಂತ ಹೆಚ್ಚಿನದನ್ನೂ ತಾಮ್ರವು ಹೀರಿಕೊಳ್ಳುತ್ತದೆ.

ಪೆಡಸು ಪದರದ ಸಮಸ್ಯೆ

ಅಲ್ಯೂಮಿನಿಯಂ-ತಾಮ್ರ ಮತ್ತು ಅಲ್ಯೂಮಿನಿಯಂ-ಉಕ್ಕು ಜೋಡಿಗಳಲ್ಲಿ ಕಥೆ ಬೇರೆ. ಈ ಲೋಹಗಳು ಬೆರೆತ ಕಡೆಯಲ್ಲಿ ಗಾಜಿನಂತೆ ಪೆಡಸಾದ ಲೋಹಸಂಯುಕ್ತಗಳು ಉಂಟಾಗುತ್ತವೆ. ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗಿದರೆ, ತಾಮ್ರದೊಡನೆ ಸೇರಿದ ಅದರ ಮಿಶ್ರಣವೊಂದು 548 ಡಿಗ್ರಿಯಲ್ಲಿಯೇ ಕರಗುತ್ತದೆ. ಆದ್ದರಿಂದ ಎರಡು ಲೋಹಗಳ ಕರಗುವ ಬಿಂದುಗಳನ್ನು ತಲಪದೆಯೂ ಸಂದಿಯಲ್ಲಿ ದ್ರವ ಕಾಣಿಸಿಕೊಳ್ಳಬಹುದು. ಸಂಯುಕ್ತಗಳ ವಿದ್ಯುತ್ ನಿರೋಧವು ಮೂಲ ಲೋಹಗಳ ಹಲವು ಪಟ್ಟು ಇರುವುದರಿಂದ, ವಿದ್ಯುತ್ ಹರಿಯುವಾಗ ಜೋಡಣೆಯು ಬಿಸಿಯಾಗುತ್ತದೆ. ಬಿಸಿಯಾದಷ್ಟೂ ಪದರ ಬೆಳೆಯುತ್ತದೆ. ಬೆಳೆದಷ್ಟೂ ಮತ್ತೆ ಬಿಸಿಯಾಗುತ್ತದೆ. ತಪಾಸಣೆಯಲ್ಲಿ ಉತ್ತೀರ್ಣವಾದ ಜೋಡಣೆಯು ತಿಂಗಳುಗಳ ನಂತರ ಕೈಕೊಡುವುದಕ್ಕೆ ಇದು ಒಂದು ಕಾರಣ.

ಅಲ್ಯೂಮಿನಿಯಂ-ಉಕ್ಕು ಜೋಡಣೆಯಲ್ಲಿ ಈ ಪದರವು ಸುಮಾರು 10 ಮೈಕ್ರಾನ್‌ಗಿಂತ ತೆಳುವಾಗಿರಬೇಕೆಂಬುದು ಬೆಸುಗೆ ತಂತ್ರಜ್ಞರಲ್ಲಿ ಬಳಕೆಯಲ್ಲಿರುವ ಅಂದಾಜು. ಪದರದ ದಪ್ಪವು ಎರಡು ಅಂಶಗಳನ್ನು ಅವಲಂಬಿಸಿದೆ: ಸಂದಿಯು ಎಷ್ಟು ಬಿಸಿಯಾಯಿತು, ಮತ್ತು ಎಷ್ಟು ಹೊತ್ತು ಬಿಸಿಯಾಗಿ ಉಳಿಯಿತು. ಸಂದಿಯ ಒಳಗೆ ಉಷ್ಣಮಾಪಕವನ್ನು ಇಡುವುದು ದುಸ್ತರ. ಅನುಕರಣೆಯು ಆ ಸ್ಥಳದ ಉಷ್ಣಾಂಶವನ್ನು ಕ್ಷಣಕ್ಷಣಕ್ಕೂ ಅಂದಾಜಿಸಬಲ್ಲದು. ವೇಗ ಹೆಚ್ಚಿಸಿದರೆ ಬಿಸಿಯ ಅವಧಿ ಎಷ್ಟು ತಗ್ಗುತ್ತದೆ, ಕೆಳಗೆ ತಾಮ್ರದ ಆಧಾರಪಟ್ಟಿ ಇಟ್ಟರೆ ಎಷ್ಟು ಬೇಗ ತಣಿಯುತ್ತದೆ ಎಂಬುದನ್ನು ಲೋಹವನ್ನು ಮುಟ್ಟದೆಯೇ ಹೋಲಿಸಿ ನೋಡಬಹುದು.

ತಣಿಯುವಾಗಿನ ಎಳೆತ

ಭಿನ್ನ ಲೋಹಗಳು ಭಿನ್ನ ಪ್ರಮಾಣದಲ್ಲಿ ಕುಗ್ಗುತ್ತವೆ. ಅಲ್ಯೂಮಿನಿಯಂ ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದ ಸುಮಾರು 23 ಭಾಗ, ಸಾಧಾರಣ ಉಕ್ಕು ಸುಮಾರು 12 ಭಾಗ ಕುಗ್ಗುತ್ತದೆ. 100 ಮಿಲಿಮೀಟರ್ ಉದ್ದದ ಎರಡು ಪಟ್ಟಿಗಳು ಬಿಡಿಯಾಗಿ 500 ಡಿಗ್ರಿಯಷ್ಟು ತಣಿದರೆ ಅವುಗಳ ಉದ್ದದಲ್ಲಿ ಅರ್ಧ ಮಿಲಿಮೀಟರಿಗೂ ಸ್ವಲ್ಪ ಹೆಚ್ಚು ವ್ಯತ್ಯಾಸ ಬರುತ್ತದೆ. ಬೆಸುಗೆಯಾದ ಮೇಲೆ ಅವು ಬಿಡಿಯಾಗಿ ಕುಗ್ಗಲಾರವು. ಆ ವ್ಯತ್ಯಾಸವೆಲ್ಲ ಒಳಒತ್ತಡವಾಗಿ, ಡೊಂಕಾಗಿ, ಕೆಲವೊಮ್ಮೆ ಬಿರುಕಾಗಿ ಪ್ರಕಟವಾಗುತ್ತದೆ. ಲೇಸರ್ ಬೆಸುಗೆಯಲ್ಲಿ ಬಿಸಿಯಾಗುವ ಭಾಗ ಕಿರಿದಾಗಿರುವುದರಿಂದ ಡೊಂಕು ಕಡಿಮೆ, ಆದರೆ ಇಲ್ಲವೆಂದಲ್ಲ. ಶಾಖದ ಲೆಕ್ಕದ ಫಲಿತಾಂಶವನ್ನು ಒತ್ತಡದ ಲೆಕ್ಕಕ್ಕೆ ಉಣಿಸಿ, ಹಿಡಿಕೆಗಳನ್ನು ಎಲ್ಲಿ ಬಿಗಿಯಬೇಕೆಂಬುದನ್ನು ನಿರ್ಧರಿಸಬಹುದು.

ಅನುಕರಣೆಯ ಮಿತಿಗಳು

ಗಣಕಯಂತ್ರದ ಬಣ್ಣಬಣ್ಣದ ಚಿತ್ರಗಳು ನೋಡುಗರನ್ನು ಬೇಗ ಮರುಳುಗೊಳಿಸುತ್ತವೆ. ಆ ಚಿತ್ರಗಳು ಒದಗಿಸಿದ ಮಾಹಿತಿಗಿಂತ ಹೆಚ್ಚು ನಿಖರವಾಗಿರಲಾರವು ಎಂಬುದನ್ನು ಮರೆಯಬಾರದು. ತಾಮ್ರವು ಕರಗಿದೊಡನೆ ಅದರ ಉಷ್ಣವಾಹಕತೆ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಹೀರಿಕೆಯು ಮೇಲ್ಮೈಯ ಒರಟುತನ, ತುಕ್ಕು, ಎಣ್ಣೆ ಮತ್ತು ಬಿಸಿಗೆ ಅನುಗುಣವಾಗಿ ಬದಲಾಗುತ್ತದೆ. ಕೋಣೆಯ ಉಷ್ಣಾಂಶದ ಒಂದೇ ಸಂಖ್ಯೆಯನ್ನು ಕೊನೆಯವರೆಗೂ ಬಳಸಿದ ಲೆಕ್ಕವನ್ನು ನಂಬಲಾಗದು.

ಕೊಳದೊಳಗಿನ ಹರಿವು ಇನ್ನೊಂದು ತೊಡಕು. ಬಿಸಿ ಮತ್ತು ತಣ್ಣನೆಯ ಭಾಗಗಳ ನಡುವಿನ ಮೇಲ್ಮೈ ಸೆಳೆತದ ವ್ಯತ್ಯಾಸವೇ ದ್ರವವನ್ನು ವೇಗವಾಗಿ ಸುತ್ತಿಸುತ್ತದೆ. ಉಕ್ಕಿನಲ್ಲಿರುವ ಗಂಧಕದ ಪ್ರಮಾಣವು ಹತ್ತು ಲಕ್ಷಕ್ಕೆ ಕೆಲವು ಹತ್ತು ಭಾಗಗಳಷ್ಟು ಬದಲಾದರೂ ಈ ಸುಳಿಯ ದಿಕ್ಕು ತಿರುಗಿ, ಕೊಳವು ಅಗಲವಾಗುವ ಬದಲು ಆಳವಾಗಬಹುದು ಎಂಬುದನ್ನು 1980ರ ದಶಕದ ಸಂಶೋಧನೆಗಳು ತೋರಿಸಿವೆ. ಒಂದೇ ದರ್ಜೆಯ ಉಕ್ಕನ್ನು ಎರಡು ಬೇರೆ ಬೇರೆ ಕಡೆಯಿಂದ ಖರೀದಿಸಿದಾಗ, ಯಂತ್ರವನ್ನು ಬದಲಿಸದಿದ್ದರೂ ಬೆಸುಗೆ ಬದಲಾಗುವುದು ಇದರಿಂದಲೇ. ಲೋಹದ ವ್ಯಾಪಾರಿಗಳು ಪ್ರತಿ ಸರಕಿನೊಡನೆ ಪರೀಕ್ಷಾ ಪ್ರಮಾಣಪತ್ರವನ್ನು ಒದಗಿಸುವುದು ಮತ್ತು ತಯಾರಕರು ಅದನ್ನು ಕೇಳಿ ಪಡೆಯುವುದು ಇಲ್ಲಿ ಬರಿಯ ಔಪಚಾರಿಕತೆಯಲ್ಲ.

ಸಣ್ಣ ಉದ್ಯಮಿಗೆ ಮಾರ್ಗಸೂಚಿ

ಅನುಕರಣೆಯ ನಿಜವಾದ ಉಳಿತಾಯ ಪ್ರಯೋಗಗಳ ಸಂಖ್ಯೆಯನ್ನು ತಗ್ಗಿಸುವುದರಲ್ಲಿದೆ. ಶಕ್ತಿ, ವೇಗ, ಕಿರಣದ ಸ್ಥಾನ ಈ ಮೂರಕ್ಕೂ ಐದೈದು ಮೌಲ್ಯಗಳನ್ನು ಪರೀಕ್ಷಿಸಬೇಕೆಂದರೆ 125 ಸಂಯೋಜನೆಗಳಾಗುತ್ತವೆ. ಪ್ರತಿಯೊಂದಕ್ಕೂ ಮೂರು ಮಾದರಿಗಳಂತೆ 375 ತುಂಡುಗಳು ಬೇಕು. ಸ್ಪಷ್ಟವಾಗಿ ಹೊಂದದ ಸಂಯೋಜನೆಗಳನ್ನು ಲೆಕ್ಕದಿಂದಲೇ ತೆಗೆದುಹಾಕಿ 12ಕ್ಕೆ ಇಳಿಸಿದರೆ 36 ತುಂಡುಗಳು ಸಾಕು. ಆದರೆ ಬೆಸುಗೆಯು ಸರಳವಾಗಿದ್ದು, ಸರಕು ಅಗ್ಗವಾಗಿದ್ದು, ಒಂದೆರಡು ದಿನಗಳ ಪ್ರಯೋಗದಿಂದಲೇ ಉತ್ತರ ಸಿಗುವಂತಿದ್ದರೆ ಅನುಕರಣೆಗೆ ಹಣ ತೊಡಗಿಸುವ ಅಗತ್ಯವಿಲ್ಲ.

ಈ ಸೇವೆಯನ್ನು ಹೊರಗಿನಿಂದ ಪಡೆಯುವವರು ಕೆಳಗಿನ ಅಂಶಗಳನ್ನು ಗಮನಿಸುವುದು ಒಳಿತು:

1. ಲೋಹದ ದರ್ಜೆ, ದಪ್ಪ, ಮೇಲ್ಮೈಯ ಲೇಪ, ಅಂಚುಗಳ ನಡುವಿನ ಸಂದು, ಹಿಡಿಕೆಯ ಚಿತ್ರ, ಲೇಸರಿನ ಶಕ್ತಿ ಮತ್ತು ಅಳತೆ ಮಾಡಿದ ಚುಕ್ಕೆಯ ವ್ಯಾಸ ಇವನ್ನು ಲಿಖಿತವಾಗಿ ಒದಗಿಸಬೇಕು.

2. ಬಳಸಿದ ಗುಣಾಂಕಗಳು ಉಷ್ಣಾಂಶಕ್ಕೆ ಅನುಗುಣವಾಗಿ ಬದಲಾಗುತ್ತವೆಯೇ, ಗುಪ್ತೋಷ್ಣವನ್ನು ಸೇರಿಸಲಾಗಿದೆಯೇ ಎಂದು ವಿಚಾರಿಸಬೇಕು.

3. ಕೋಶಗಳನ್ನು ಇನ್ನೂ ಸಣ್ಣದಾಗಿಸಿದಾಗ ಉತ್ತರ ಬದಲಾಗದೆ ಉಳಿಯುತ್ತದೆಯೇ ಎಂಬುದನ್ನು ತೋರಿಸುವಂತೆ ಕೇಳಬೇಕು. ಬದಲಾಗುತ್ತಿದ್ದರೆ ಲೆಕ್ಕ ಇನ್ನೂ ಮುಗಿದಿಲ್ಲವೆಂದೇ ಅರ್ಥ.

4. ಒಳಬಂದ ಶಾಖ, ಹೊರಹೋದ ಶಾಖ ಮತ್ತು ಲೋಹದಲ್ಲಿ ಉಳಿದ ಶಾಖ ಇವುಗಳ ತಾಳೆ ನೋಡಬೇಕು.

5. ಹೀರಿಕೆಯ ಪ್ರಮಾಣವನ್ನು ಒಂದು ಪ್ರಯೋಗಕ್ಕೆ ಹೊಂದಿಸಿಕೊಳ್ಳುವುದು ಸಾಮಾನ್ಯ. ಆದರೆ ಅದೇ ಪ್ರಯೋಗವನ್ನು ಮತ್ತೆ ತೋರಿಸಿ ಮಾದರಿ ಸರಿಯಿದೆ ಎನ್ನುವುದು ಪುರಾವೆಯಲ್ಲ. ಬೇರೆ ವೇಗದ ಅಥವಾ ಬೇರೆ ಶಕ್ತಿಯ ಬೆಸುಗೆಯ ಅಗಲ-ಆಳಗಳನ್ನು ಮುಂಚಿತವಾಗಿ ಹೇಳಿಸಿ, ಆನಂತರ ತುಂಡನ್ನು ಕತ್ತರಿಸಿ, ಉಜ್ಜಿ, ಆಮ್ಲದಿಂದ ತೊಳೆದು ಅಳೆದು ನೋಡಬೇಕು. ಇದೇ ನಿಜವಾದ ಒರೆಗಲ್ಲು.

6. ವಿದ್ಯುತ್ ಹರಿಯುವ ಜೋಡಣೆಗಳಲ್ಲಿ ಎಳೆತದ ಪರೀಕ್ಷೆಯೊಡನೆ ನಿರೋಧದ ಅಳತೆಯನ್ನೂ, ಬಿಸಿ-ತಣ್ಣನೆಯ ಆವರ್ತನಗಳ ನಂತರದ ಅಳತೆಯನ್ನೂ ತೆಗೆದುಕೊಳ್ಳಬೇಕು.

ತಂತ್ರಾಂಶಗಳ ಪೈಕಿ ಆನ್ಸಿಸ್, ಅಬಾಕಸ್, ಸಿಸ್‌ವೆಲ್ಡ್, ಕಾಮ್ಸಾಲ್ ಮುಂತಾದವು ಪರವಾನಗಿ ಶುಲ್ಕವುಳ್ಳವು. ಓಪನ್‌ಫೋಮ್, ಎಲ್ಮರ್, ಕ್ಯಾಲ್ಕ್ಯುಲಿಕ್ಸ್ ಮುಂತಾದವು ಮುಕ್ತವಾಗಿ ದೊರೆಯುವಂತಹವು. ಮುಕ್ತ ತಂತ್ರಾಂಶಕ್ಕೆ ಶುಲ್ಕವಿಲ್ಲದಿದ್ದರೂ ಅದನ್ನು ಬಲ್ಲವರ ಸಮಯಕ್ಕೆ ಬೆಲೆಯಿದೆ ಎಂಬುದನ್ನು ಅಂದಾಜಿನಲ್ಲಿ ಸೇರಿಸಬೇಕು. ಲೇಸರ್ ಸಂಸ್ಕರಣೆ ಹಾಗೂ ಬೆಸುಗೆಯ ವಿಷಯದಲ್ಲಿ ಪರಿಣತಿ ಇರುವ ಸಾರ್ವಜನಿಕ ಸಂಸ್ಥೆಗಳಲ್ಲಿ ಇಂದೋರಿನ ರಾಜಾ ರಾಮಣ್ಣ ಪ್ರಗತ ತಂತ್ರಜ್ಞಾನ ಕೇಂದ್ರ ಹಾಗೂ ತಿರುಚಿರಾಪಳ್ಳಿಯ ಬೆಸುಗೆ ಸಂಶೋಧನಾ ಸಂಸ್ಥೆಗಳನ್ನು ಹೆಸರಿಸಬಹುದು. ಉತ್ಪಾದನಾ ತಂತ್ರಜ್ಞಾನದ ವಿಷಯದಲ್ಲಿ ಬೆಂಗಳೂರಿನ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ ಇದೆ. ಒಂದೇ ಬಗೆಯ ಜೋಡಣೆಯನ್ನು ತಯಾರಿಸುವ ಹಲವು ಸಣ್ಣ ಉದ್ಯಮಗಳು ಒಟ್ಟಾಗಿ ಒಂದು ಅಧ್ಯಯನವನ್ನು ಮಾಡಿಸಿದರೆ ವೆಚ್ಚವು ಹಂಚಿಹೋಗುತ್ತದೆ.

ಒಟ್ಟಿನಲ್ಲಿ, ಗಣಕಯಂತ್ರದ ಅನುಕರಣೆಯು ಬೆಸುಗೆಗಾರನ ಕೈಚಳಕಕ್ಕಾಗಲಿ, ಪ್ರಯೋಗಾಲಯದ ಪರೀಕ್ಷೆಗಾಗಲಿ ಬದಲಿಯಲ್ಲ. ತಾಮ್ರಕ್ಕಿಂತ ಮೊದಲು ನಿಕ್ಕಲ್ ಕರಗುವುದೇಕೆ ಎಂಬಂತಹ ಪ್ರಶ್ನೆಗೆ ಅದು ಕಾರಣವನ್ನು ತೋರಿಸುತ್ತದೆ. ಕಾರಣ ತಿಳಿದವನು ಮುಂದಿನ ಪ್ರಯೋಗವನ್ನು ಎಲ್ಲಿ ಮಾಡಬೇಕೆಂಬುದನ್ನು ಬಲ್ಲನು. ಭಿನ್ನ ಲೋಹಗಳ ಜೋಡಣೆಗೆ ಬೇಡಿಕೆ ಒಪ್ಪಿಕೊಳ್ಳುವ ಮುನ್ನ ಶಾಖದ ಈ ಜಮಾ-ಖರ್ಚನ್ನು ಒಮ್ಮೆ ತಾಳೆ ನೋಡುವ ಉದ್ಯಮಿಗೆ, ಹಿಂದಿರುಗಿ ಬಂದ ಸರಕಿನ ಜಮಾ-ಖರ್ಚನ್ನು ಬರೆಯುವ ಪ್ರಸಂಗ ಅಪರೂಪವಾಗುತ್ತದೆ.